ಏರುತ್ತ ಇತರರನ್ನೂ ಎತ್ತಿದವರು

ಅಮೆರಿಕ ಸಂಯುಕ್ತ ಸಂಸ್ಥಾನಗಳ ಆಗ್ನೇಯ ಕರಾವಳಿಯಲ್ಲಿ ದಕ್ಷಿಣ ಕೆರೊಲೈನ ಎಂಬ ರಾಜ್ಯವಿದೆ. ಅಲ್ಲಿನ ಚಾರ್ಲ್ಸ್‌ಟನ್ ನಗರದ ಬಳಿ ಜಾನ್ಸ್ ಐಲೆಂಡ್ ಎಂಬುದೊಂದು ದ್ವೀಪ. 1957ನೆಯ ಇಸವಿ ಜನವರಿ 7ರಂದು ಆ ದ್ವೀಪದ ಸಹಕಾರಿ ಅಂಗಡಿಯೊಂದರ ಹಿಂಬದಿಯ ಕೋಣೆಯಲ್ಲಿ ಒಂದು ಶಾಲೆ ಆರಂಭವಾಯಿತು. ಮುಂಭಾಗದಲ್ಲಿ ದಿನಸಿಯ ವ್ಯಾಪಾರ; ಹಿಂಭಾಗದಲ್ಲಿ ಅಕ್ಷರದ ಪಾಠ. ಕಲಿಯಲು ಬಂದವರು ಹದಿನಾಲ್ಕು ಮಂದಿ. ಅವರೆಲ್ಲರೂ ವಯಸ್ಕರು, ಮೈಮುರಿದು ದುಡಿದು ಬದುಕುವ ಜನ. ಕಲಿಸಲು ನಿಂತವರು ಬರ್ನಿಸ್ ರಾಬಿನ್ಸನ್ ಎಂಬ ಮಹಿಳೆ. ಅವರು ತರಬೇತಿ ಪಡೆದ ಉಪಾಧ್ಯಾಯಿನಿಯಲ್ಲ. ಹೆಂಗಸರ ಕೂದಲನ್ನು ಸಿಂಗರಿಸುವುದೂ ಬಟ್ಟೆ ಹೊಲಿಯುವುದೂ ಅವರ ಕಸುಬು. ಕಲಿಯುವವರೂ ಕಲಿಸುವವರೂ ಕಪ್ಪು ಜನಾಂಗಕ್ಕೆ ಸೇರಿದವರು. ಬಿಳಿಯರ ಕಣ್ಣಿಗೆ ಬೀಳದಿರಲೆಂದೇ ಶಾಲೆಗೆ ಅಂಗಡಿಯ ಮರೆ ಬೇಕಾಗಿತ್ತು. ಸ್ವತಂತ್ರ ದೇಶವೊಂದರಲ್ಲಿ, ಇಪ್ಪತ್ತನೆಯ ಶತಮಾನದ ನಡುವಿನಲ್ಲಿ, ಬೆಳೆದ ಮನುಷ್ಯರು ಅಕ್ಷರ ಕಲಿಯುವುದನ್ನು ಏಕೆ ಮರೆಮಾಡಬೇಕಾಯಿತು? ಅಂಥ ಕೆಲಸಕ್ಕೆ ಕೂದಲು ಸಿಂಗರಿಸುವ ಮಹಿಳೆಯನ್ನೇ ಏಕೆ ಆರಿಸಬೇಕಾಯಿತು? ಈ ಎರಡು ಪ್ರಶ್ನೆಗಳ ಹಿಂದೆ ಒಂದು ದೀರ್ಘವಾದ ಚರಿತ್ರೆ ಇದೆ.

ಆಫ್ರಿಕದಿಂದ ಬಲಾತ್ಕಾರವಾಗಿ ತಂದ ಜನರನ್ನೂ ಅವರ ಸಂತತಿಯವರನ್ನೂ ಅಮೆರಿಕದಲ್ಲಿ ಎರಡು ಶತಮಾನಗಳಿಗೂ ಮಿಕ್ಕಿ ಗುಲಾಮರಾಗಿ ದುಡಿಸಿಕೊಳ್ಳಲಾಯಿತು. ಗುಲಾಮರಿಗೆ ಓದು ಕಲಿಸುವುದು ದಕ್ಷಿಣದ ಹಲವು ರಾಜ್ಯಗಳಲ್ಲಿ ಅಪರಾಧವಾಗಿತ್ತು. 1865ರಲ್ಲಿ ಸಂವಿಧಾನದ 13ನೆಯ ತಿದ್ದುಪಡಿ ಗುಲಾಮಗಿರಿಯನ್ನು ಕೊನೆಗೊಳಿಸಿತು. ಸಂಕೋಲೆ ಕಳಚಿತು, ಆದರೆ ಬಾಗಿಲುಗಳು ತೆರೆಯಲಿಲ್ಲ. ಶಾಲೆ, ರೈಲುಗಾಡಿ, ಆಸ್ಪತ್ರೆ, ಉಪಾಹಾರಗೃಹಗಳೆಲ್ಲ ಬಿಳಿಯರಿಗೆ ಬೇರೆ, ಕಪ್ಪು ಜನರಿಗೆ ಬೇರೆ ಎಂದಾದವು. ಪ್ರತ್ಯೇಕವಾಗಿದ್ದರೂ ಸಮಾನವಾಗಿದ್ದರೆ ಅದು ಕಾನೂನಿಗೆ ವಿರುದ್ಧವಲ್ಲವೆಂದು 1896ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ತೀರ್ಪಿತ್ತಿತು. ಪ್ರತ್ಯೇಕತೆ ಆಚರಣೆಗೆ ಬಂದಿತು. ಸಮಾನತೆ ಕಾಗದದಲ್ಲಿಯೇ ಉಳಿಯಿತು. 1920ರಲ್ಲಿ ಆ ದೇಶದ ಸ್ತ್ರೀಯರಿಗೆ ಮತದಾನದ ಹಕ್ಕು ಬಂದಾಗಲೂ ದಕ್ಷಿಣದ ಕಪ್ಪು ಮಹಿಳೆಯರಿಗೆ ಅದು ಕೈಗೆಟುಕದ ಹಣ್ಣಾಗಿತ್ತು. ಮತದಾರರ ಪಟ್ಟಿಯಲ್ಲಿ ಹೆಸರು ಸೇರಬೇಕಾದರೆ ಕೆಲವೆಡೆ ತೆರಿಗೆ ಕೊಡಬೇಕಾಗಿತ್ತು. ಹಲವೆಡೆ ಅಧಿಕಾರಿಯ ಎದುರು ಸಂವಿಧಾನದ ಒಂದು ಭಾಗವನ್ನು ಓದಿ ತೋರಿಸಬೇಕಾಗಿತ್ತು. ಓದು ಕಲಿಯದಂತೆ ತಡೆದವರೇ ಓದಿನ ಪರೀಕ್ಷೆಯನ್ನು ಒಡ್ಡಿದರು.

ಹೀಗೆ ಈ ಮಹಿಳೆಯರ ಮೇಲೆ ಎರಡು ಹೊರೆಗಳು ಬಿದ್ದವು. ಬಣ್ಣದ ಕಾರಣದಿಂದ ಬಂದದ್ದು ಒಂದು. ಹೆಣ್ಣೆಂಬ ಕಾರಣದಿಂದ ಬಂದದ್ದು ಇನ್ನೊಂದು. ಅವರಿಗೆ ಸುಲಭವಾಗಿ ದೊರೆಯುತ್ತಿದ್ದ ಕೆಲಸಗಳೆಂದರೆ ಪರರ ಮನೆಯ ಅಡುಗೆ, ಪರರ ಮಕ್ಕಳ ಆರೈಕೆ, ಪರರ ಬಟ್ಟೆಯ ಒಗೆತ ಮತ್ತು ಹೊಲದ ಕೂಲಿ. ಆದರೂ ಅವರು ಕೈಕಟ್ಟಿ ಕುಳಿತವರಲ್ಲ. 1896ರಲ್ಲಿ ಕಪ್ಪು ಮಹಿಳೆಯರ ಸಂಘಗಳು ಒಂದುಗೂಡಿ ರಾಷ್ಟ್ರಮಟ್ಟದ ಒಕ್ಕೂಟವನ್ನು ಕಟ್ಟಿಕೊಂಡವು. ಮೇರಿ ಚರ್ಚ್ ಟೆರೆಲ್ ಅದರ ಮೊದಲ ಅಧ್ಯಕ್ಷೆಯಾದರು. ತಾವು ಏರುತ್ತಿರುವಾಗಲೇ ಇತರರನ್ನೂ ಮೇಲಕ್ಕೆತ್ತಬೇಕು ಎಂಬುದು ಆ ಒಕ್ಕೂಟದ ಧ್ಯೇಯವಾಕ್ಯದ ತಾತ್ಪರ್ಯ. ಒಬ್ಬಳು ಮೇಲೇರಿ ಏಣಿಯನ್ನು ಎಳೆದುಕೊಂಡರೆ ಅದು ಅವಳೊಬ್ಬಳ ಭಾಗ್ಯವಷ್ಟೆ. ಏಣಿಯನ್ನು ಹಿಂದಿನವರಿಗಾಗಿ ಹಿಡಿದು ನಿಂತರೆ ಮಾತ್ರ ಅದು ಸಮುದಾಯದ ಬಲವಾಗುತ್ತದೆ. ಇಂದು ಸ್ತ್ರೀ ಸಬಲೀಕರಣವೆಂದು ಕರೆಯುವ ತತ್ತ್ವದ ತಿರುಳು ಇದೇ ಆಗಿದೆ.

ಈ ತತ್ತ್ವಕ್ಕೆ ಮಾತಿನ ರೂಪ ಬರುವುದಕ್ಕಿಂತ ಮುಂಚೆಯೇ ಅದನ್ನು ಕೃತಿಯಲ್ಲಿ ತೋರಿಸಿದವರು ಜಾರ್ಜಿಯ ರಾಜ್ಯದ ಅಟ್ಲಾಂಟ ನಗರದ ಬಟ್ಟೆ ಒಗೆಯುವ ಹೆಂಗಸರು. ವಾರದ ಮೊದಲಲ್ಲಿ ಮನೆಮನೆಯಿಂದ ಕೊಳೆಬಟ್ಟೆ ಹೊತ್ತು ತಂದು, ನೀರು ಸೇದಿ, ಕುದಿಸಿ, ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ವಾರದ ಕೊನೆಗೆ ಮುಟ್ಟಿಸುವುದು ಅವರ ದುಡಿಮೆ. ಸಾಬೂನನ್ನೂ ಅವರೇ ತಯಾರಿಸಿಕೊಳ್ಳುತ್ತಿದ್ದರು. ಗೋಧಿಯ ತೌಡಿನಿಂದ ಗಂಜಿ ಮಾಡಿಕೊಳ್ಳುತ್ತಿದ್ದರು. ದರವನ್ನು ಮಾತ್ರ ಗೊತ್ತುಮಾಡುತ್ತಿದ್ದವರು ಬಟ್ಟೆಯ ಒಡೆಯರು. 1881ರ ಜುಲೈ ತಿಂಗಳಲ್ಲಿ ಸುಮಾರು ಇಪ್ಪತ್ತು ಮಂದಿ ಸೇರಿ ಒಂದು ಸಂಘ ಕಟ್ಟಿದರು. ಒಂದೇ ದರ ಬೇಕೆಂದು ಕೇಳಿ ಕೆಲಸ ನಿಲ್ಲಿಸಿದರು. ಮನೆಯಿಂದ ಮನೆಗೆ ಹೋಗಿ ತಮ್ಮವರನ್ನು ಕಂಡರು. ಮೂರು ವಾರಗಳಲ್ಲಿ ಸಂಘದ ಬಲ ಸುಮಾರು 3,000ಕ್ಕೆ ಏರಿತು. ಅವರನ್ನು ಬಂಧಿಸಿ ದಂಡ ಹಾಕಿದರು. ಸಂಘದವರು ತಲಾ 25 ಡಾಲರ್ ಪರವಾನಗಿ ಶುಲ್ಕ ಕೊಡಬೇಕೆಂಬ ಬೆದರಿಕೆಯೂ ನಗರಸಭೆಯಿಂದ ಬಂದಿತು. ಆ ಶುಲ್ಕವನ್ನು ಕೊಡಲು ತಾವು ಸಿದ್ಧ, ಆದರೆ ಊರಿನ ಒಗೆತದ ಕೆಲಸವೆಲ್ಲ ತಮ್ಮ ಹಿಡಿತದಲ್ಲಿರಬೇಕು ಎಂದು ಅವರು ನಗರಾಧ್ಯಕ್ಷನಿಗೆ ಪತ್ರ ಬರೆದರು. ನಗರಸಭೆ ಶುಲ್ಕದ ಯೋಚನೆಯನ್ನು ಕೈಬಿಟ್ಟಿತು. ಅನಕ್ಷರಸ್ಥರೆಂದು ಲೋಕ ಕಡೆಗಣಿಸಿದ್ದ ಹೆಂಗಸರು ತಮ್ಮ ದುಡಿಮೆ ನಿಂತರೆ ಊರು ನಿಲ್ಲುತ್ತದೆ ಎಂಬ ಸತ್ಯವನ್ನು ಓದಿ ತಿಳಿದಿದ್ದರು.

ಬಟ್ಟೆ ಒಗೆಯುವ ತಾಯಿಯ ಮನೆಯಿಂದಲೇ ಮುಂದಿನ ನಾಯಕಿಯೊಬ್ಬರು ಬಂದರು. ವರ್ಜೀನಿಯ ರಾಜ್ಯದ ರಿಚ್ಮಂಡ್ ನಗರದಲ್ಲಿ ಹುಟ್ಟಿದ ಮ್ಯಾಗಿ ಲೀನಾ ವಾಕರ್ ಬಾಲ್ಯದಲ್ಲಿ ಒಗೆದ ಬಟ್ಟೆಗಳನ್ನು ಮನೆಮನೆಗೆ ಮುಟ್ಟಿಸಿ ತಾಯಿಗೆ ನೆರವಾಗುತ್ತಿದ್ದರು. ತಲೆಯ ಮೇಲೆ ಬಟ್ಟೆಯ ಬುಟ್ಟಿ ಹೊತ್ತೇ ತಾವು ಹುಟ್ಟಿದಂತಾಯಿತೆಂದು ಅವರು ಮುಂದೆ ನೆನೆಯುತ್ತಿದ್ದರು. ಕಷ್ಟಪಟ್ಟು ಓದಿ ಉಪಾಧ್ಯಾಯಿನಿಯಾದರು. 1886ರಲ್ಲಿ ವಿವಾಹವಾದಾಗ, ಮದುವೆಯಾದ ಹೆಂಗಸರು ಪಾಠ ಹೇಳಬಾರದೆಂಬ ಅಂದಿನ ಕಟ್ಟಳೆಯಂತೆ ಆ ಕೆಲಸ ತಪ್ಪಿತು. ಒಂದು ಬಾಗಿಲು ಮುಚ್ಚಿತೆಂದು ಅವರು ಕೊರಗಲಿಲ್ಲ. ರೋಗ ಮರಣಗಳ ಕಾಲದಲ್ಲಿ ಒಬ್ಬರಿಗೊಬ್ಬರು ನೆರವಾಗುವ ಉದ್ದೇಶದಿಂದ ಕಪ್ಪು ಜನರು ಕಟ್ಟಿಕೊಂಡಿದ್ದ ಸೇಂಟ್ ಲೂಕ್ ಎಂಬ ಸಹಾಯಕ ಸಂಘದಲ್ಲಿ ಹದಿನಾಲ್ಕನೆಯ ವಯಸ್ಸಿನಿಂದಲೂ ಅವರು ಸದಸ್ಯೆಯಾಗಿದ್ದರು. 1899ರಲ್ಲಿ ಅದರ ಮುಖ್ಯ ಕಾರ್ಯದರ್ಶಿಯಾದರು. 1902ರಲ್ಲಿ ಸಂಘದಿಂದ ಪತ್ರಿಕೆ ಹೊರಟಿತು. 1903ರಲ್ಲಿ ಪುಡಿಗಾಸಿನ ಉಳಿತಾಯಕ್ಕೆಂದೇ ಒಂದು ಬ್ಯಾಂಕು ಸ್ಥಾಪನೆಯಾಯಿತು. ಅದರ ಅಧ್ಯಕ್ಷತೆಯನ್ನು ವಾಕರ್ ಅವರೇ ವಹಿಸಿದರು. ಅಮೆರಿಕದಲ್ಲಿ ಬ್ಯಾಂಕ್ ಸ್ಥಾಪಿಸಿ ಅದರ ಅಧ್ಯಕ್ಷೆಯಾದ ಮೊದಲ ಕಪ್ಪು ಮಹಿಳೆ ಅವರು.

ಅಡುಗೆ ಮಾಡುವವಳ ಮತ್ತು ಬಟ್ಟೆ ಒಗೆಯುವವಳ ಬಿಡಿಗಾಸಿಗೆ ಅಂದಿನ ದೊಡ್ಡ ಬ್ಯಾಂಕುಗಳಲ್ಲಿ ಬೆಲೆ ಇರಲಿಲ್ಲ. ಆ ಕಾಸುಗಳೇ ಒಂದೆಡೆ ಸೇರಿದಾಗ ಹಲವು ಕಪ್ಪು ಕುಟುಂಬಗಳಿಗೆ ಸ್ವಂತ ಮನೆಯ ಸಾಲ ಸಿಕ್ಕಿತು. ಬ್ಯಾಂಕಿನ ಮತ್ತು ಸಂಘದ ಕಚೇರಿಗಳಲ್ಲಿ ಕಪ್ಪು ಯುವತಿಯರು ಲೆಕ್ಕ ಬರೆಯುವ, ಬೆರಳಚ್ಚು ಮಾಡುವ, ವ್ಯವಹಾರ ನೋಡಿಕೊಳ್ಳುವ ಕೆಲಸಗಳಿಗೆ ಬಂದರು. ಬೇರೆ ಕಚೇರಿಗಳು ಅವರಿಗೆ ನೆಲ ಗುಡಿಸುವ ಕೆಲಸವನ್ನು ಬಿಟ್ಟು ಬೇರೊಂದನ್ನು ಕೊಡಲು ಹಿಂದೆಗೆಯುತ್ತಿದ್ದ ಕಾಲ ಅದು. ಜೀವನದ ಕೊನೆಯ ವರ್ಷಗಳಲ್ಲಿ ವಾಕರ್ ನಡೆಯಲಾರದಾದರು. ಗಾಲಿಕುರ್ಚಿಯಲ್ಲಿ ಕುಳಿತೇ ಕಾರ್ಯಭಾರ ನಡೆಸಿದರು. ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ಊರಿನ ಇತರ ಕಪ್ಪು ಬ್ಯಾಂಕುಗಳೊಡನೆ ತಮ್ಮ ಬ್ಯಾಂಕನ್ನು ಕೂಡಿಸಿ ಅದನ್ನು ಉಳಿಸಿದರು. 1934ರಲ್ಲಿ ಅವರು ತೀರಿಕೊಂಡರು.

ಹಣದ ಬಲವನ್ನು ವಾಕರ್ ಕಟ್ಟಿದರೆ, ಅಕ್ಷರದ ಬಲವನ್ನು ಕಟ್ಟಿದವರು ಸೆಪ್ಟಿಮ ಪಾಯಿನ್ಸೆಟ್ ಕ್ಲಾರ್ಕ್. ಜಾನ್ಸ್ ಐಲೆಂಡಿನ ಹಿಂಬದಿಯ ಕೋಣೆಯ ಶಾಲೆಯ ಹಿಂದೆ ಇದ್ದ ಚೇತನ ಅವರೇ. 1898ರಲ್ಲಿ ಚಾರ್ಲ್ಸ್‌ಟನ್ನಿನಲ್ಲಿ ಅವರ ಜನನ. ತಂದೆ ಗುಲಾಮನಾಗಿ ಹುಟ್ಟಿದವರು. ತಾಯಿ ಬಟ್ಟೆ ಒಗೆದು ಸಂಸಾರಕ್ಕೆ ನೆರವಾದವರು. 1916ರಲ್ಲಿ ಶಿಕ್ಷಕ ತರಬೇತಿ ಮುಗಿಸಿದ ಕ್ಲಾರ್ಕ್ ಅವರಿಗೆ ಹುಟ್ಟೂರಿನ ಸರಕಾರಿ ಶಾಲೆಗಳಲ್ಲಿ ಸ್ಥಳವಿರಲಿಲ್ಲ. ಕಪ್ಪು ಮಕ್ಕಳ ಶಾಲೆಗಳಲ್ಲಿಯೂ ಬಿಳಿಯರೇ ಪಾಠ ಹೇಳಬೇಕೆಂಬುದು ಅಲ್ಲಿನ ನಿಯಮ. ಆದ್ದರಿಂದ ಅವರು ಜಾನ್ಸ್ ಐಲೆಂಡಿಗೆ ಹೋದರು. ಅಲ್ಲಿ 132 ಮಕ್ಕಳಿಗೆ ಇಬ್ಬರೇ ಶಿಕ್ಷಕಿಯರು. ಹತ್ತಿರದಲ್ಲೇ ಇದ್ದ ಬಿಳಿಯರ ಶಾಲೆಯಲ್ಲಿ ಮೂವರು ಮಕ್ಕಳಿಗೆ ಒಬ್ಬ ಶಿಕ್ಷಕಿ. ಆದರೂ ಕ್ಲಾರ್ಕ್ ಅವರ ಸಂಬಳ ಆ ಶಿಕ್ಷಕಿಯ ಸಂಬಳದ ಅರ್ಧಕ್ಕೂ ಕಡಮೆ. ಹಗಲು ಮಕ್ಕಳಿಗೆ ಪಾಠ ಹೇಳಿ, ರಾತ್ರಿ ದ್ವೀಪದ ಹಿರಿಯರಿಗೆ ಅವರು ಓದುಬರಹ ಕಲಿಸುತ್ತಿದ್ದರು.

ಮುಂದೆ ಚಾರ್ಲ್ಸ್‌ಟನ್ನಿಗೆ ಮರಳಿ, ಕಪ್ಪು ಶಿಕ್ಷಕರಿಗೆ ಊರಿನ ಶಾಲೆಗಳಲ್ಲಿ ಅವಕಾಶ ಕೊಡಬೇಕೆಂಬ ಮನವಿಗೆ ಬಾಗಿಲಿಂದ ಬಾಗಿಲಿಗೆ ತಿರುಗಿ ಸಹಿ ಸಂಗ್ರಹಿಸಿದರು. 1920ರಲ್ಲಿ ಆ ಅವಕಾಶ ದೊರೆಯಿತು. 1945ರಲ್ಲಿ ಕೊಲಂಬಿಯ ನಗರದಲ್ಲಿ ಕಪ್ಪು ಮತ್ತು ಬಿಳಿಯ ಶಿಕ್ಷಕರಿಗೆ ಸಮಾನ ವೇತನ ಬೇಕೆಂದು ಹೂಡಿದ್ದ ಮೊಕದ್ದಮೆಗೆ ದುಡಿದರು, ಅದರಲ್ಲಿಯೂ ಜಯವಾಯಿತು. ಈ ಹೋರಾಟಗಳನ್ನು ನಡೆಸಿದ್ದ ಸಂಸ್ಥೆ ಕಪ್ಪು ಜನರ ಹಕ್ಕುಗಳಿಗಾಗಿ ಶ್ರಮಿಸುತ್ತಿದ್ದ ರಾಷ್ಟ್ರೀಯ ಸಂಘ. 1956ರಲ್ಲಿ ದಕ್ಷಿಣ ಕೆರೊಲೈನದ ಶಾಸನಸಭೆ ಸರಕಾರಿ ನೌಕರರು ಅಂಥ ಸಂಘದ ಸದಸ್ಯರಾಗಿರಕೂಡದೆಂದು ಕಾನೂನು ಮಾಡಿತು. ಸದಸ್ಯತ್ವವನ್ನು ಮುಚ್ಚಿಡಲು ಕ್ಲಾರ್ಕ್ ಒಪ್ಪಲಿಲ್ಲ. ನಾಲ್ಕು ದಶಕಗಳ ಸೇವೆಯ ಬಳಿಕ ಅವರ ಕೆಲಸ ಹೋಯಿತು. ಅದರೊಡನೆ ನಿವೃತ್ತಿ ವೇತನವೂ ಹೋಯಿತು. ಆಗ ಅವರು ಕಪ್ಪು ಶಿಕ್ಷಕರಿಗೆ 726 ಪತ್ರಗಳನ್ನು ಬರೆದು, ಈ ಅನ್ಯಾಯವನ್ನು ಒಟ್ಟಾಗಿ ಪ್ರತಿಭಟಿಸೋಣವೆಂದು ಕರೆದರು. ಉತ್ತರ ಬಂದದ್ದು 26 ಮಂದಿಯಿಂದ ಮಾತ್ರ.

ಸಾಮಾನ್ಯರಾಗಿದ್ದರೆ ಈ ಘಟನೆಯಿಂದ ಮನಸ್ಸು ಕಹಿಯಾಗುತ್ತಿತ್ತು. ಜನ ಹೇಡಿಗಳೆಂದು ನಿಂದಿಸಿ ಸುಮ್ಮನಾಗಬಹುದಾಗಿತ್ತು. ಕ್ಲಾರ್ಕ್ ತಪ್ಪನ್ನು ತಮ್ಮಲ್ಲಿಯೇ ಹುಡುಕಿದರು. ಸಿದ್ಧರಾಗದ ಜನರನ್ನು ತಾವು ಮುಂದಕ್ಕೆ ತಳ್ಳಿದ್ದೇ ಸೋಲಿಗೆ ಕಾರಣವೆಂದು ಅವರು ಕಂಡುಕೊಂಡರು. ಧೈರ್ಯವೆಂಬುದು ಉಪದೇಶದಿಂದ ಬರುವುದಿಲ್ಲ. ಚಿಕ್ಕ ಚಿಕ್ಕ ಕಾರ್ಯಗಳನ್ನು ತಾನೇ ಮಾಡಿ ಗೆದ್ದ ಅನುಭವದಿಂದ ಬರುತ್ತದೆ. ಅವರ ಮುಂದಿನ ಕಾರ್ಯವೆಲ್ಲ ಈ ತಿಳಿವಿನ ಮೇಲೆ ನಿಂತಿತು.

ಕೆಲಸ ಕಳೆದುಕೊಂಡ ಕ್ಲಾರ್ಕ್ ಅವರನ್ನು ಟೆನಿಸಿ ರಾಜ್ಯದ ಹೈಲ್ಯಾಂಡರ್ ಎಂಬ ಜನಶಿಕ್ಷಣ ಕೇಂದ್ರ ಬರಮಾಡಿಕೊಂಡಿತು. ಕಪ್ಪು ಬಿಳಿಯರು ಒಂದೇ ಮೇಜಿನ ಸುತ್ತ ಕುಳಿತು ಉಣ್ಣುತ್ತ, ಚರ್ಚಿಸುತ್ತ ಇದ್ದ ಅಪರೂಪದ ಸ್ಥಳ ಅದು. 1955ರ ಬೇಸಿಗೆಯಲ್ಲಿ ಕ್ಲಾರ್ಕ್ ಅಲ್ಲಿ ನಡೆಸಿದ ಶಿಬಿರಕ್ಕೆ ಮಾಂಟ್‌ಗೊಮರಿ ಪಟ್ಟಣದಿಂದ ಮಿತಭಾಷಿಯಾದ ಒಬ್ಬ ಮಹಿಳೆ ಬಂದಿದ್ದರು. ಬಟ್ಟೆ ಹೊಲಿಯುವುದು ಅವರ ವೃತ್ತಿ. ಆ ವರ್ಷದ ಡಿಸೆಂಬರ್ 1ರಂದು ಅದೇ ಮಹಿಳೆ ಬಸ್ಸಿನಲ್ಲಿ ಬಿಳಿಯನಿಗೆ ಸ್ಥಳ ಬಿಟ್ಟುಕೊಡದೆ ಸೆರೆಯಾದರು. ಅವರೇ ರೋಸಾ ಪಾರ್ಕ್ಸ್. ಅದರಿಂದ ಹುಟ್ಟಿದ ಬಸ್ ಬಹಿಷ್ಕಾರ ಒಂದು ವರ್ಷಕ್ಕೂ ಮಿಕ್ಕಿ ನಡೆದು ಗೆದ್ದಿತು.

ಜಾನ್ಸ್ ಐಲೆಂಡಿನ ಶಾಲೆಯ ಬೀಜ ಬಿದ್ದದ್ದೂ ಒಂದು ಬಸ್ಸಿನಲ್ಲಿಯೇ. ಇಸಾ ಜೆಂಕಿನ್ಸ್ ಎಂಬವರು ದ್ವೀಪದ ಕೂಲಿಕಾರರನ್ನು ತಮ್ಮ ಬಸ್ಸಿನಲ್ಲಿ ನಗರಕ್ಕೆ ಕರೆದೊಯ್ಯುತ್ತಿದ್ದರು. ದಾರಿಯಲ್ಲಿ ಪ್ರಯಾಣಿಕರಿಗೆ ಸಂವಿಧಾನದ ಭಾಗಗಳನ್ನು ಹೇಳಿಕೊಡುತ್ತಿದ್ದರು. ಆಲಿಸ್ ವೈನ್ ಎಂಬ ಮಹಿಳೆ ಅವುಗಳನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡರು. ಆದರೆ ಬಾಯಿಪಾಠವೇ ಓದಾಗಲಾರದೆಂದು ಅವರಿಗೆ ಗೊತ್ತಿತ್ತು. ನಿಜವಾಗಿ ಓದಲು ಕಲಿಸುವ ಶಾಲೆ ಬೇಕೆಂಬ ಹಂಬಲ ಅವರದು. ದ್ವೀಪದಲ್ಲಿ ಹಿಂದೆ ನಡೆದಿದ್ದ ವಯಸ್ಕರ ತರಗತಿ ನಿಂತುಹೋಗಿತ್ತು. ದೊಡ್ಡವರನ್ನು ಮಕ್ಕಳ ಪುಟ್ಟ ಪೀಠಗಳಲ್ಲಿ ಕೂರಿಸಿದ್ದರು. ಮಕ್ಕಳು ಅವರನ್ನು ಕಂಡು ನಗುತ್ತಿದ್ದರು. ಮಾನಕ್ಕೆ ಕುಂದು ಬಂದ ಕಡೆ ಕಲಿಕೆ ನಿಲ್ಲುವುದಿಲ್ಲ.

ಆದ್ದರಿಂದಲೇ ಕ್ಲಾರ್ಕ್ ವೃತ್ತಿಶಿಕ್ಷಕರನ್ನು ಬಿಟ್ಟು ತಮ್ಮ ಬಂಧು ಬರ್ನಿಸ್ ರಾಬಿನ್ಸನ್ ಅವರನ್ನು ಆರಿಸಿದರು. ಈ ಆಯ್ಕೆಯಲ್ಲಿ ದೂರದೃಷ್ಟಿ ಇತ್ತು. ಕೂದಲು ಸಿಂಗರಿಸುವ ಅಂಗಡಿಗೆ ಬರುವವರೆಲ್ಲ ಕಪ್ಪು ಮಹಿಳೆಯರು. ರಾಬಿನ್ಸನ್ ಅವರ ಅನ್ನ ಬಿಳಿಯ ಯಜಮಾನನ ಕೈಯಲ್ಲಿರಲಿಲ್ಲ. ಶಾಲೆಯ ಶಿಕ್ಷಕಿಯನ್ನು ಒಂದು ಆಜ್ಞೆಯಿಂದ ಮನೆಗೆ ಕಳುಹಿಸಬಹುದು, ಇವರನ್ನು ಹಾಗೆ ಕಳುಹಿಸುವಂತಿರಲಿಲ್ಲ. ಜೊತೆಗೆ ಹತ್ತು ಜನರ ಸುಖದುಃಖವನ್ನು ತಾಳ್ಮೆಯಿಂದ ಕೇಳುವ ಅಭ್ಯಾಸ ಆ ಕಸುಬಿನಿಂದಲೇ ಅವರಿಗೆ ಬಂದಿತ್ತು. ತಾನು ಶಿಕ್ಷಕಿಯಲ್ಲವೆಂದು ಅವರು ಮೊದಲು ಹಿಂಜರಿದರು. ತರಗತಿಯಲ್ಲಿಯೂ ಅದನ್ನೇ ಹೇಳಿದರು. ಎಲ್ಲರೂ ಕೂಡಿ ಕಲಿಯೋಣ, ತಮಗೂ ಅವರಿಂದ ಕಲಿಯುವುದಿದೆ ಎಂದರು. ಅವರು ತಂದಿದ್ದ ಮಕ್ಕಳ ಪುಸ್ತಕಗಳು ದೊಡ್ಡವರಿಗೆ ಒಗ್ಗಲಿಲ್ಲ. ಆಗ ಅವುಗಳನ್ನು ಬದಿಗಿಟ್ಟು, ಏನು ಕಲಿಯಬೇಕೆಂದಿದ್ದೀರಿ ಎಂದು ಅವರನ್ನೇ ಕೇಳಿದರು.

ಒಬ್ಬರಿಗೆ ಬೆರಳೊತ್ತು ಬಿಟ್ಟು ತಮ್ಮ ಹೆಸರನ್ನು ಬರೆಯುವ ಆಸೆ. ಒಬ್ಬರಿಗೆ ದೂರದಲ್ಲಿರುವ ಮಕ್ಕಳ ಪತ್ರವನ್ನು ಓದುವ ಆಸೆ. ಮತ್ತೊಬ್ಬರಿಗೆ ಬೈಬಲ್ ಓದಬೇಕು. ಮಗದೊಬ್ಬರಿಗೆ ಮನಿಯಾರ್ಡರ್ ಫಾರಂ ತುಂಬಬೇಕು. ಅವೇ ಪಾಠಗಳಾದವು. ರಟ್ಟಿನ ಮೇಲೆ ಹೆಸರು ಬರೆದುಕೊಟ್ಟು, ಅಕ್ಷರದ ಜಾಡಿನಲ್ಲಿ ಕೈ ಪಳಗುವವರೆಗೆ ತಿದ್ದಿಸಿದರು. ಗೋಡೆಯ ಮೇಲೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯನ್ನು ತೂಗುಹಾಕಿ, ತರಗತಿ ಮುಗಿಯುವಷ್ಟರಲ್ಲಿ ಎಲ್ಲರೂ ಅದನ್ನು ಓದಿ ತಿಳಿಯಬೇಕೆಂಬ ಗುರಿಯಿಟ್ಟರು. ಹೊಲದ ಕೆಲಸ ಕಡಮೆಯಿರುವ ಚಳಿಗಾಲದಲ್ಲಿ ವಾರಕ್ಕೆರಡು ರಾತ್ರಿ ಪಾಠ ನಡೆಯಿತು. ಕಲಿತವರು ಮತದಾರರ ಪಟ್ಟಿಯಲ್ಲಿ ಹೆಸರು ಬರೆಯಿಸಿದರು. ಸುದ್ದಿ ತಿಳಿದ ಅಕ್ಕಪಕ್ಕದ ದ್ವೀಪಗಳವರು ತಮಗೂ ಇಂಥ ಶಾಲೆ ಬೇಕೆಂದರು.

'ಪೌರತ್ವ ಶಾಲೆ' ಎಂಬ ಹೆಸರಿನಿಂದ ಈ ಶಾಲೆಗಳು ದಕ್ಷಿಣದ ರಾಜ್ಯಗಳಲ್ಲೆಲ್ಲ ಹಬ್ಬಿದವು. 1961ರಿಂದ ಮಾರ್ಟಿನ್ ಲೂಥರ್ ಕಿಂಗ್ ಅವರ ಸಂಸ್ಥೆ ಈ ಕಾರ್ಯಕ್ರಮವನ್ನು ವಹಿಸಿಕೊಂಡಿತು. ಹಳ್ಳಿಹಳ್ಳಿಗಳಿಂದ ಗೃಹಿಣಿಯರು, ಹೊಲಿಗೆಯವರು, ರೈತರು, ಕೂಲಿಕಾರರು ಬಂದು ಕೆಲದಿನಗಳ ತರಬೇತಿ ಪಡೆದು ತಮ್ಮ ಊರಿನಲ್ಲಿ ಶಾಲೆ ತೆರೆದರು. ಹೀಗೆ ತರಬೇತಾದ ಶಿಕ್ಷಕರು ಸುಮಾರು 10,000 ಮಂದಿ. ಅವರಲ್ಲಿ ಹೆಂಗಸರು ಬಹಳ. 1965ರಲ್ಲಿ ಮತದಾನ ಹಕ್ಕಿನ ಕಾನೂನು ಬಂದು ಓದಿನ ಪರೀಕ್ಷೆಗಳು ರದ್ದಾಗುವ ವೇಳೆಗೆ ಊರೂರಿನಲ್ಲಿಯೂ ಜನರನ್ನು ಮುನ್ನಡೆಸಬಲ್ಲವರು ಸಿದ್ಧರಾಗಿದ್ದರು.

ಇಷ್ಟಾದರೂ ಹೆಣ್ಣೆಂಬ ಹೊರೆ ಕ್ಲಾರ್ಕ್ ಅವರನ್ನು ಬಿಡಲಿಲ್ಲ. ಆ ಸಂಸ್ಥೆಯ ಆಡಳಿತ ಮಂಡಲಿಯಲ್ಲಿ ಅವರ ಮಾತಿಗೆ ಗಂಡಸರು ಕಿವಿಗೊಡುತ್ತಿದ್ದುದು ಕಡಮೆ. ಮೆರವಣಿಗೆಗಳನ್ನು ಕಿಂಗ್ ಒಬ್ಬರೇ ಮುನ್ನಡೆಸದೆ ಸ್ಥಳಸ್ಥಳಗಳಲ್ಲಿ ನಾಯಕರನ್ನು ಬೆಳೆಸಬೇಕೆಂದು ಅವರು ಬರೆದ ಪತ್ರವನ್ನು ಸಂಸ್ಥೆಯವರ ಮುಂದೆ ಓದಿದಾಗ ಜನ ನಕ್ಕರೆಂದು ಕ್ಲಾರ್ಕ್ ಅವರೇ ಹೇಳಿಕೊಂಡಿದ್ದಾರೆ. ಅನ್ಯಾಯದ ವಿರುದ್ಧ ಹೋರಾಡುವವರ ಮನೆಯಲ್ಲಿಯೂ ಅನ್ಯಾಯ ಸುಳಿದಾಡಬಹುದೆಂಬುದಕ್ಕೆ ಇದು ನಿದರ್ಶನ. ಕಾಲ ಅವರಿಗೆ ತಡವಾಗಿ ನ್ಯಾಯ ಕೊಟ್ಟಿತು. 1976ರಲ್ಲಿ ದಕ್ಷಿಣ ಕೆರೊಲೈನದ ಗವರ್ನರರು ಅವರ ನಿವೃತ್ತಿ ವೇತನವನ್ನು ಮರಳಿ ಕೊಡಿಸಿದರು. ಒಮ್ಮೆ ಅವರನ್ನು ಹೊರಹಾಕಿದ್ದ ಚಾರ್ಲ್ಸ್‌ಟನ್ನಿನ ಶಾಲಾಮಂಡಲಿಗೆ ಅವರು ಸದಸ್ಯೆಯಾಗಿ ಚುನಾಯಿತರಾದರು. 1987ರಲ್ಲಿ ಅವರು ನಿಧನರಾದರು.

ಇದೇ ಕಾಲದಲ್ಲಿ ವಿಜ್ಞಾನದ ಕ್ಷೇತ್ರದಲ್ಲಿಯೂ ಇಂಥದೇ ಕಥೆ ನಡೆಯುತ್ತಿತ್ತು. ವರ್ಜೀನಿಯ ರಾಜ್ಯದ ಲ್ಯಾಂಗ್ಲಿಯಲ್ಲಿ ವಿಮಾನಗಳನ್ನು ಕುರಿತ ಸರಕಾರಿ ಸಂಶೋಧನಾಲಯವಿತ್ತು. ಎರಡನೆಯ ಮಹಾಯುದ್ಧದ ಒತ್ತಡದಲ್ಲಿ ಕಪ್ಪು ಮಹಿಳೆಯರನ್ನೂ ಗಣಿತದ ಕೆಲಸಕ್ಕೆ ತೆಗೆದುಕೊಂಡರು. ಆದರೆ ಅವರಿಗೆ ಬೇರೆ ಕಟ್ಟಡ, ಊಟದ ಮನೆಯಲ್ಲಿ ಬೇರೆ ಮೇಜು. ಆ ಮೇಜಿನ ಮೇಲೆ ವರ್ಣೀಯರಿಗೆ ಎಂಬ ಫಲಕ. ಮಿರಿಯಂ ಮಾನ್ ಎಂಬ ಗಣಿತಜ್ಞೆ ಆ ಫಲಕವನ್ನು ತೆಗೆದು ತಮ್ಮ ಕೈಚೀಲಕ್ಕೆ ಸೇರಿಸುತ್ತಿದ್ದರು. ಹೊಸ ಫಲಕ ಬರುತ್ತಿತ್ತು. ಅದೂ ಕೈಚೀಲ ಸೇರುತ್ತಿತ್ತು. ಕೊನೆಗೆ ಫಲಕ ಇಡುವವರಿಗೇ ಸಾಕಾಯಿತು.

ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಡೊರೊತಿ ವಾನ್ 1943ರಲ್ಲಿ ಅಲ್ಲಿಗೆ ಸೇರಿ, 1949ರಲ್ಲಿ ಕಪ್ಪು ಮಹಿಳೆಯರ ವಿಭಾಗದ ಮೇಲ್ವಿಚಾರಕಿಯಾದರು. ಎಣಿಕೆಯ ಕೆಲಸವನ್ನೆಲ್ಲ ಯಂತ್ರಗಳು ಮಾಡುವ ಕಾಲ ಬರುತ್ತಿದೆಯೆಂದು ಅವರು ಮುಂಗಂಡರು. ಗಣಕಯಂತ್ರದ ಭಾಷೆಯಾದ ಫೋರ್ಟ್ರಾನನ್ನು ತಾವು ಕಲಿತದ್ದಲ್ಲದೆ ತಮ್ಮ ಸಹೋದ್ಯೋಗಿಗಳಿಗೂ ಕಲಿಸಿದರು. ಯಂತ್ರ ಬಂದಾಗ ಅವರು ಕೆಲಸ ಕಳೆದುಕೊಳ್ಳದೆ ಯಂತ್ರವನ್ನೇ ನಡೆಸುವವರಾದರು. ಅದೇ ವಿಭಾಗಕ್ಕೆ 1951ರಲ್ಲಿ ಬಂದ ಮೇರಿ ಜಾಕ್ಸನ್ ಎಂಜಿನಿಯರ್ ಆಗಲು ಓದಬೇಕಾಗಿದ್ದ ತರಗತಿಗಳು ಬಿಳಿಯರ ಶಾಲೆಯಲ್ಲಿ ನಡೆಯುತ್ತಿದ್ದವು. ನಗರಾಡಳಿತಕ್ಕೆ ಮನವಿ ಸಲ್ಲಿಸಿ ಅನುಮತಿ ಪಡೆದು ಅವರು ಓದಿದರು. 1958ರಲ್ಲಿ ನಾಸಾದ ಮೊದಲ ಕಪ್ಪು ಮಹಿಳಾ ಎಂಜಿನಿಯರ್ ಆದರು. ಆದರೆ ಅವರ ಬದುಕಿನ ಅತ್ಯಂತ ದೊಡ್ಡ ಹೆಜ್ಜೆ ಕೆಳಕ್ಕೆ ಇಟ್ಟದ್ದು. 1979ರಲ್ಲಿ ಅವರು ತಮ್ಮ ಪದವಿಗಿಂತ ಕೆಳಗಿನ ಹುದ್ದೆಯನ್ನು ತಾವಾಗಿ ಒಪ್ಪಿಕೊಂಡರು. ಹೆಂಗಸರ ನೇಮಕ ಮತ್ತು ಬಡ್ತಿಗಳಿಗಾಗಿ ಶ್ರಮಿಸುವ ಅವಕಾಶ ಆ ಹುದ್ದೆಯಲ್ಲಿತ್ತು. ತಾನು ಇಳಿದು ಇತರರನ್ನು ಏರಿಸಿದ ಈ ಮಹಿಳೆಯ ಹೆಸರನ್ನು ಇಂದು ವಾಷಿಂಗ್‌ಟನ್ನಿನ ನಾಸಾ ಕೇಂದ್ರ ಕಚೇರಿ ಹೊತ್ತಿದೆ.

1964ರ ಪೌರಹಕ್ಕುಗಳ ಕಾನೂನು ಉದ್ಯೋಗದಲ್ಲಿ ಬಣ್ಣದ ಭೇದವನ್ನೂ ಲಿಂಗಭೇದವನ್ನೂ ನಿಷೇಧಿಸಿತು. ಕಾನೂನು ಬಂದ ಮೇಲೂ ಎರಡು ಹೊರೆಗಳ ತೊಡಕು ಬಿಡಿಸಲಿಲ್ಲವೆಂಬುದಕ್ಕೆ 1976ರ ಒಂದು ಮೊಕದ್ದಮೆ ಸಾಕ್ಷಿ. ಒಂದು ದೊಡ್ಡ ಮೋಟಾರು ಕಂಪನಿ, ಕೊನೆಗೆ ಸೇರಿದವರನ್ನು ಮೊದಲು ತೆಗೆಯುವ ಕ್ರಮದಂತೆ ನೌಕರರನ್ನು ಇಳಿಸಿತು. ಕಪ್ಪು ಮಹಿಳೆಯರನ್ನು ಬಹಳ ತಡವಾಗಿ ಸೇರಿಸಿಕೊಂಡಿದ್ದರಿಂದ ಪೆಟ್ಟು ಅವರ ಮೇಲೆ ಬಿದ್ದಿತು. ಐವರು ನ್ಯಾಯಾಲಯಕ್ಕೆ ಹೋದರು. ಕಂಪನಿ ಹೆಂಗಸರನ್ನು ಮೊದಲಿನಿಂದಲೂ ಸೇರಿಸಿಕೊಂಡಿದೆ, ಆದ್ದರಿಂದ ಲಿಂಗಭೇದವಿಲ್ಲವೆಂದು ನ್ಯಾಯಾಲಯ ಹೇಳಿತು. ಆ ಹೆಂಗಸರು ಬಿಳಿಯರಾಗಿದ್ದರು. ವರ್ಣಭೇದದ ದೂರನ್ನು ಬೇರೆಯಾಗಿ ವಿಚಾರಿಸಬೇಕೆಂದಿತು. ಆದರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದ ಕಪ್ಪು ಜನ ಗಂಡಸರಾಗಿದ್ದರು. ಎರಡು ದೂರುಗಳನ್ನು ಕೂಡಿಸಲು ನ್ಯಾಯಾಲಯ ಒಪ್ಪಲಿಲ್ಲ. ಕಪ್ಪು ಹೆಂಗಸು ಮಾತ್ರ ಎರಡು ಲೆಕ್ಕಗಳ ನಡುವೆ ಬಿದ್ದು ಕಾಣೆಯಾದಳು. ಕಿಂಬರ್ಲಿ ಕ್ರೆನ್ಷಾ ಎಂಬ ಕಾನೂನು ಪ್ರಾಧ್ಯಾಪಕಿ 1989ರಲ್ಲಿ ಈ ಸ್ಥಿತಿಯನ್ನು ಕೂಡುರಸ್ತೆಗೆ ಹೋಲಿಸಿದರು. ದಾರಿಗಳು ಕೂಡುವಲ್ಲಿ ನಿಂತವರಿಗೆ ಯಾವ ಕಡೆಯಿಂದಲೂ ಪೆಟ್ಟು ತಗಲಬಹುದು, ಎರಡು ಕಡೆಯಿಂದ ಒಮ್ಮೆಗೇ ತಗಲಬಹುದು. ಒಂದೇ ದಾರಿಯನ್ನು ನೋಡುವವನಿಗೆ ಅವರ ನೋವು ಪೂರ್ತಿಯಾಗಿ ಕಾಣುವುದಿಲ್ಲ.

ಈ ಚರಿತ್ರೆಗೆ ಕನ್ನಡ ನಾಡಿನ ಎಳೆಯೊಂದೂ ಹೆಣೆದುಕೊಂಡಿದೆ. ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು ಎರಡನೆಯ ಮಹಾಯುದ್ಧದ ಮೊದಲ ವರ್ಷಗಳಲ್ಲಿ ಅಮೆರಿಕದಲ್ಲಿ ಸಂಚರಿಸಿದರು. ದಕ್ಷಿಣದ ರಾಜ್ಯಗಳ ಮೂಲಕ ಹೋಗುತ್ತಿದ್ದಾಗ, ಬಿಳಿಯರ ಗಾಡಿಯಲ್ಲಿ ಕುಳಿತಿದ್ದ ಅವರನ್ನು ಏಳುವಂತೆ ರೈಲಿನ ಟಿಕೆಟ್ ಅಧಿಕಾರಿ ಆಜ್ಞಾಪಿಸಿದನು. ಅವರು ಏಳಲಿಲ್ಲ. ಪರದೇಶದವರಿರಬಹುದೆಂದು ತಿಳಿದು ಆತ ಮೆತ್ತಗಾಗಿ, ಯಾವ ದೇಶದವರೆಂದು ಕೇಳಿದನು. ಭಾರತದವರೆಂದು ಹೇಳಿದ್ದರೆ ಅವರಿಗೆ ವಿನಾಯಿತಿ ಸಿಗುತ್ತಿತ್ತು. ಕಮಲಾದೇವಿಯವರು ಆ ವಿನಾಯಿತಿಯನ್ನು ಬಯಸಲಿಲ್ಲ. ತಾವು ವರ್ಣೀಯ ಮಹಿಳೆ, ಇಲ್ಲಿಂದ ಕದಲುವುದಿಲ್ಲ ಎಂದರು. ತನಗೊಬ್ಬಳಿಗೆ ದೊರೆಯುವ ಮರ್ಯಾದೆಯನ್ನು ತಳ್ಳಿ, ಅದು ದೊರೆಯದವರ ಸಾಲಿನಲ್ಲಿ ಅವರು ತಾವಾಗಿ ನಿಂತರು. ಅಧಿಕಾರಿ ಸುಮ್ಮನೆ ಹೊರಟುಹೋದನು.

ಇಂದು ಸ್ಥಿತಿ ಬಹಳಷ್ಟು ಬದಲಾಗಿದೆ. ಶಿಶುಪಾಲನ ಕೇಂದ್ರಗಳನ್ನು ನಡೆಸಿ ಅನುಭವ ಪಡೆದಿದ್ದ ಶರ್ಲಿ ಚಿಸೊಮ್ 1968ರಲ್ಲಿ ಅಮೆರಿಕದ ಸಂಸತ್ತಿಗೆ ಆರಿಸಿಬಂದ ಮೊದಲ ಕಪ್ಪು ಮಹಿಳೆಯಾದರು. 2022ರಲ್ಲಿ ಕೆಟಾಂಜಿ ಬ್ರೌನ್ ಜಾಕ್ಸನ್ ಸರ್ವೋಚ್ಚ ನ್ಯಾಯಾಲಯದ ಪೀಠವನ್ನೇರಿದ ಮೊದಲ ಕಪ್ಪು ಮಹಿಳೆಯಾದರು. ಆದರೂ ಅಲ್ಲಿ ಕಪ್ಪು ಮಹಿಳೆಯರ ಸರಾಸರಿ ವೇತನ ಬಿಳಿಯ ಗಂಡಸರ ಸರಾಸರಿ ವೇತನಕ್ಕಿಂತ ಇಂದಿಗೂ ಕಡಮೆ. ಎತ್ತರದ ಪೀಠದಲ್ಲಿ ಒಬ್ಬರು ಕುಳಿತ ಮಾತ್ರಕ್ಕೆ ಕೆಳಗಿರುವವರ ಹೊರೆ ಇಳಿಯುವುದಿಲ್ಲ.

ಆದ್ದರಿಂದ ನಾಯಕತ್ವವನ್ನು ಅಳೆಯುವ ಕೋಲು ಪದವಿಯ ಎತ್ತರವಲ್ಲ. ಒಬ್ಬರ ಕೈಯಿಂದ ಎಷ್ಟು ಕೈಗಳಿಗೆ ಬಲ ಬಂದಿತೆಂಬುದೇ ಅದರ ಅಳತೆ. ಅಟ್ಲಾಂಟದ ಒಗೆತದ ಹೆಂಗಸರು ದರವನ್ನು ತಮಗಾಗಿ ಮಾತ್ರ ಕೇಳಲಿಲ್ಲ; ವಾಕರ್ ಕಾಸನ್ನು ತಮಗಾಗಿ ಕೂಡಿಡಲಿಲ್ಲ; ಡೊರೊತಿ ವಾನ್ ಹೊಸ ವಿದ್ಯೆಯನ್ನು ಬಚ್ಚಿಡಲಿಲ್ಲ. 726 ಪತ್ರಗಳಿಗೆ 26 ಉತ್ತರಗಳನ್ನಷ್ಟೇ ಕಂಡ ಕ್ಲಾರ್ಕ್ ಜನರನ್ನು ದೂರದೆ, ಅವರ ಕೈಗೆ ಸೀಸದಕಡ್ಡಿ ಕೊಟ್ಟು ಹೆಸರು ಬರೆಯಿಸಿದರು. ಅಂಗಡಿಯ ಹಿಂಬದಿಯ ಆ ಚಿಕ್ಕ ಕೋಣೆಯಲ್ಲಿ ತಮ್ಮ ಹೆಸರನ್ನು ಮೊದಲ ಬಾರಿಗೆ ತಾವೇ ಬರೆದವರು ಮರುದಿನ ಮತದಾರರ ಪಟ್ಟಿಯ ಮುಂದೆ ತಲೆಯೆತ್ತಿ ನಿಲ್ಲಬಲ್ಲವರಾದರು. ದೇಶವನ್ನು ಬದಲಾಯಿಸಿದ ದೊಡ್ಡ ಚಳವಳಿಯ ಅಡಿಗಲ್ಲುಗಳಲ್ಲಿ ಆ ಸಹಿಯೂ ಒಂದು.